ಸರ್ಕಾರದ ಕುದುರೆ ಮತ್ತು ಐವತ್ತು ರೂಪಾಯಿ

ಮೆರವಣಿಗೆ ಹೊರಟಿತ್ತು. ಮುಂದೆ ತಮಟೆ, ಹಿಂದೆ ನಾವು, ಎರಡೂ ಬದಿಗೆ ಪೊಲೀಸರು. ಸರ್ಕಲ್ ಹತ್ತಿರ ಬಂದಾಗ ಎದುರಿಗೆ ನಾಲ್ಕು ಕುದುರೆ ನಿಂತಿದ್ದವು. ಆಳೆತ್ತರದ ಕುದುರೆಗಳು, ಬಿಸಿಲಿಗೆ ಮೈ ಬೆವರಿ ಹೊಳೀತಿತ್ತು. ನಮ್ಮ ಜೊತೆ ಬ್ಯಾನರ್ ಹಿಡಿದಿದ್ದ ಪಿಯುಸಿ ಹುಡುಗನ ಬಿದಿರುಗಳ ನೂಕುನುಗ್ಗಲಿನಲ್ಲಿ ಒಂದು ಕುದುರೆಯ ಕಡೆ ವಾಲಿತು. ಪಕ್ಕದಲ್ಲಿದ್ದ ಹಿರಿಯ ಸಂಗಾತಿಯೊಬ್ಬರು ಗಳ ಕಿತ್ತುಕೊಂಡು ಕೂಗಿದರು: ‘ಲೋ, ಪೊಲೀಸಿನವನಿಗೆ ತಾಗಿದ್ರೂ ತಾಗ್ಲಿ, ಕುದುರೆಗೆ ಮಾತ್ರ ತಾಗಿಸ್ಬೇಡ ಕಣೋ. ಐದು ವರ್ಷ!’

ಆಗ ನಕ್ಕೆವು. ರಾತ್ರಿ ಹಾಸ್ಟೆಲಿನಲ್ಲಿ ಕೂತಾಗ ಆ ಮಾತು ಬಿಡಲಿಲ್ಲ. ಚಳವಳಿಗೆ ಇಳಿದವರಿಗೆ ಕೆಲವು ಕಲಂಗಳು ಬಾಯಿಪಾಠ. ನಾಲ್ಕು ಜನ ಒಂದು ಕಡೆ ನಿಂತರೆ ಹಾಕುವ 144 ಗೊತ್ತು. ಸರ್ಕಾರಿ ಕೆಲಸಕ್ಕೆ ಅಡ್ಡಿ ಅನ್ನುವ 353 ಗೊತ್ತು. ಕುದುರೆಯ ಕಲಂ ಯಾವುದು? ವಕೀಲ ಗೆಳೆಯನೊಬ್ಬನ ಹಳೇ ಪುಸ್ತಕ ತಂದು ಹುಡುಕಿದೆವು. ಹಿರಿಯರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಪೊಲೀಸ್ ಪೇದೆಯ ಕೆಲಸಕ್ಕೆ ತಡೆಯೊಡ್ಡಿ ಅವನ ಮೈಮೇಲೆ ಕೈ ಮಾಡಿದರೆ 353ರಲ್ಲಿ ಎರಡು ವರ್ಷದವರೆಗೆ. ಅವನಿಗೆ ಗಾಯವಾದರೆ 332ರಲ್ಲಿ ಮೂರು ವರ್ಷದವರೆಗೆ. ಅವನು ಕೂತ ಕುದುರೆಯ ಕಾಲು ಮುರಿದರೆ 429ರಲ್ಲಿ ಐದು ವರ್ಷದವರೆಗೆ. ಆ ಪೇದೆ ಎಷ್ಟೋ ಸಲ ನಮ್ಮ ಕೇರಿಯಿಂದಲೇ ಹೋದ ಹುಡುಗ. ಅವನಿಗೂ ಇದು ಗೊತ್ತಿರಲಿಕ್ಕಿಲ್ಲ.

ಪುಸ್ತಕದಲ್ಲಿ ‘ಪೊಲೀಸ್ ಕುದುರೆ’ ಎಂಬ ಮಾತೇ ಇಲ್ಲ ಅನ್ನುವುದನ್ನು ಮೊದಲೇ ಹೇಳಬೇಕು. ಪೊಲೀಸ್ ಪ್ರಾಣಿಗಳಿಗೆಂದೇ ಬೇರೆ ಕಾನೂನು ಮಾಡಿದ ದೇಶಗಳಿವೆ, ಅಲ್ಲಿಗೆ ಆಮೇಲೆ ಹೋಗೋಣ. ನಮ್ಮಲ್ಲಿ ಸರ್ಕಾರದ ಕುದುರೆಯೂ ಪೊಲೀಸ್ ನಾಯಿಯೂ ಗೌಡರ ಎತ್ತೂ ಒಂದೇ ಅಧ್ಯಾಯದಲ್ಲಿ ಕೂತಿದ್ದವು. ಆ ಅಧ್ಯಾಯದ ಹೆಸರು, ಸ್ವತ್ತಿನ ವಿರುದ್ಧದ ಅಪರಾಧಗಳು.

ಭಾರತ ದಂಡ ಸಂಹಿತೆಯ ಕರಡನ್ನು 1837ರಲ್ಲಿ ಸಿದ್ಧಪಡಿಸಿದ್ದು ಮೆಕಾಲೆಯ ಆಯೋಗ. ಅದು ಕಾನೂನಾದದ್ದು 1860ರಲ್ಲಿ, ಜಾರಿಗೆ ಬಂದದ್ದು 1862ರ ಜನವರಿ 1ರಂದು. ನಡುವೆ 1857ರ ದಂಗೆ ಆಗಿಹೋಗಿತ್ತು. ಅದರ 428ನೇ ಕಲಂ ಹೇಳುತ್ತದೆ: ಹತ್ತು ರೂಪಾಯಿ ಅಥವಾ ಹೆಚ್ಚು ಬೆಲೆಯ ಯಾವುದೇ ಪ್ರಾಣಿಯನ್ನು ಕೊಂದರೆ, ವಿಷ ಹಾಕಿದರೆ, ಊನ ಮಾಡಿದರೆ ಅಥವಾ ಉಪಯೋಗಕ್ಕೆ ಬಾರದ ಹಾಗೆ ಮಾಡಿದರೆ ಎರಡು ವರ್ಷದವರೆಗೆ ಸಜೆ. 429ನೇ ಕಲಂ ಇನ್ನೂ ಮುಂದಕ್ಕೆ ಹೋಗಿ ಹೆಸರು ಹೇಳಿ ಪಟ್ಟಿ ಮಾಡುತ್ತದೆ. ಆನೆ, ಒಂಟೆ, ಕುದುರೆ, ಹೇಸರಗತ್ತೆ, ಎಮ್ಮೆ, ಗೂಳಿ, ಹಸು, ಎತ್ತು. ಇವುಗಳ ಬೆಲೆ ಎಷ್ಟೇ ಇರಲಿ ಐದು ವರ್ಷ. ಪಟ್ಟಿಯಲ್ಲಿಲ್ಲದ ಪ್ರಾಣಿಯಾದರೆ ಅದರ ಬೆಲೆ ಐವತ್ತು ರೂಪಾಯಿ ಅಥವಾ ಹೆಚ್ಚು ಇರಬೇಕು.

ಗೆಳೆಯರೆ, ಈ ಪಟ್ಟಿಯನ್ನು ನಾವು ನಾಲ್ಕು ಸಲ ಓದಿದೆವು. ಹೇಸರಗತ್ತೆ ಇದೆ, ಕತ್ತೆ ಇಲ್ಲ. ಹೇಸರಗತ್ತೆ ಸೈನ್ಯದ ಸಾಮಾನು ಹೊರುತ್ತಿತ್ತು, ಬೆಟ್ಟದ ಮೇಲಕ್ಕೆ ಫಿರಂಗಿ ಹೊರುತ್ತಿತ್ತು. ಕತ್ತೆ ಹೊರುತ್ತಿದ್ದದ್ದು ಮಡಿವಾಳರ ಮೈಲಿಗೆ ಬಟ್ಟೆ. ಆನೆ, ಒಂಟೆ, ಕುದುರೆ ದಂಡಿನವು. ಎತ್ತು, ಹಸು, ಎಮ್ಮೆ ಭೂಮಿ ಇದ್ದವರವು, ಕಂದಾಯ ಕೊಡುವವರವು. ಮಿಕ್ಕಿದ್ದು ನಮ್ಮ ಹಟ್ಟಿಯ ಕೋಳಿ, ಹಂದಿ, ಕುರಿಮರಿ, ಬಾಗಿಲು ಕಾಯುವ ಕಂತ್ರಿ ನಾಯಿ. ಕೂಲಿಯವನು ತಿಂಗಳುಗಟ್ಟಲೆ ದುಡಿದರೆ ಕಾಣುತ್ತಿದ್ದ ಹತ್ತು ರೂಪಾಯಿಯ ಬೆಲೆ ಯಾವ ಕೋಳಿಗಿತ್ತು, ಯಾವ ಹಂದಿಗಿತ್ತು? ಅವನ್ನು ಯಾರಾದರೂ ಬಡಿದು ಕೊಂದರೆ ಸಾಮಾನ್ಯ ಕೇಡಿನ 426ನೇ ಕಲಂನಲ್ಲಿ ಮೂರು ತಿಂಗಳು, ಅದೂ ದೂರು ಕೊಡುವ ಧೈರ್ಯ ನಮ್ಮವರಿಗೆ ಬಂದರೆ. ಹೊಲಕ್ಕೆ ನುಗ್ಗಿತು ಅಂತ ಹಂದಿಯ ಕಾಲು ಮುರಿದು ಬೇಲಿಯಾಚೆ ಎಸೆದಾಗ ಅದನ್ನು ಹೊತ್ತುಕೊಂಡು ಠಾಣೆಗೆ ಹೋದವರನ್ನು ನಾವಂತೂ ಕಂಡಿಲ್ಲ.

‘ಉಪಯೋಗಕ್ಕೆ ಬಾರದ ಹಾಗೆ ಮಾಡುವುದು’ ಎಂಬ ಮಾತನ್ನು ಗಮನಿಸಿ. ಪ್ರಾಣಿಗೆ ನೋವಾಯಿತೆ, ಅದು ಎಷ್ಟು ಹೊತ್ತು ಒದ್ದಾಡಿತು ಅನ್ನುವುದು ಈ ಕಲಂನ ಪ್ರಶ್ನೆ ಅಲ್ಲ. ಒಡೆಯನಿಗೆ ಎಷ್ಟು ನಷ್ಟವಾಯಿತು ಅನ್ನುವುದೇ ಪ್ರಶ್ನೆ. ಒಡೆಯ ಸರ್ಕಾರವಾದಾಗ ನಷ್ಟ ಸರ್ಕಾರದ್ದು. ನೋವಿಗೆ ಬೇರೆ ಕಲಂ ಇತ್ತು. 1861ರ ಪೊಲೀಸ್ ಕಾಯ್ದೆಯ 34ನೇ ಕಲಂನಲ್ಲಿ, ಪಟ್ಟಣದ ಬೀದಿಯಲ್ಲಿ ಪ್ರಾಣಿಯನ್ನು ಕ್ರೂರವಾಗಿ ಹೊಡೆದವನಿಗೆ ಐವತ್ತು ರೂಪಾಯಿವರೆಗೆ ದಂಡ ಇಲ್ಲವೆ ಎಂಟು ದಿನದವರೆಗೆ ಸಜೆ ಅಂತ ಬರೆದಿದ್ದರು. ಹೆಚ್ಚಾಗಿ ಇದರ ಬಾಯಿಗೆ ಸಿಕ್ಕುವವನು ಜಟಕಾ ಗಾಡಿಯವನು, ಎತ್ತಿನ ಗಾಡಿಯವನು. ಪ್ರಾಣಿಯ ನೋವಿಗೆ ಎಂಟು ದಿನ, ಒಡೆಯನ ನಷ್ಟಕ್ಕೆ ಐದು ವರ್ಷ. ಸ್ವತಂತ್ರ ಭಾರತ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ತಂದಿತು. ಅದರಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತು ರೂಪಾಯಿಗೆ ಕಡಿಮೆಯಿಲ್ಲದಂತೆ ಐವತ್ತರವರೆಗೆ. ನೂರು ವರ್ಷ ಕಳೆದರೂ ಅದೇ ಐವತ್ತು ರೂಪಾಯಿ.

ಮನುಷ್ಯನ ಕಲಂಗಳನ್ನೂ ತೆಗೆದು ನೋಡಿದೆವು. ಮೂಳೆ ಮುರಿಯುವಂಥ ಪೆಟ್ಟಿಗೆ 325ರಲ್ಲಿ ಏಳು ವರ್ಷ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನಮ್ಮವರಿಗೆ ಬೀಳುವ ಏಟು ಬಹಳ ಸಲ ಮೂಳೆ ಮುರಿಯುವುದಿಲ್ಲ, ಮಾನ ಮುರಿಯುತ್ತದೆ. ಕಂಬಕ್ಕೆ ಕಟ್ಟಿ ಚಪ್ಪಲಿಯಲ್ಲಿ ಹೊಡೆದರೆ 323, ಅಂದರೆ ಒಂದು ವರ್ಷ ಅಥವಾ ಸಾವಿರ ರೂಪಾಯಿ ದಂಡ. ಅಷ್ಟೇ ಅಲ್ಲ, 323ರ ಪ್ರಕರಣದಲ್ಲಿ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿರಲಿಲ್ಲ. 428, 429ರಲ್ಲಿ ವಾರಂಟ್ ಇಲ್ಲದೇ ಹಿಡಿದು ಒಳಗೆ ಹಾಕಬಹುದಾಗಿತ್ತು. ‘ನಿನ್ನ ಹೊಡೆದದ್ದಕ್ಕೆ ಕೋರ್ಟಿಗೆ ಹೋಗಪ್ಪ’ ಅಂತ ಠಾಣೆಯಿಂದ ವಾಪಸ್ ಕಳಿಸಿಕೊಂಡ ಅಪ್ಪಂದಿರ ಮಕ್ಕಳು ನಾವು. ಅದು ಠಾಣೆಯವರ ದುರುಳತನ ಮಾತ್ರ ಅಂತ ತಿಳಿದಿದ್ದೆವು. ಪುಸ್ತಕದಲ್ಲೇ ಹಾಗೆ ಬರೆದಿತ್ತು. 1989ರ ದೌರ್ಜನ್ಯ ತಡೆ ಕಾಯ್ದೆ ಬರುವವರೆಗೆ ಈ 323ರ ಆಚೆಗೆ ನಮ್ಮ ಮಾನದ ಏಟಿಗೆ ಅಂತಲೇ ಗಟ್ಟಿಯಾದ ಕಲಂ ಇರಲಿಲ್ಲ.

ಇನ್ನೊಂದು ಕಲಂ ಇದೆ, 304-ಎ. ನಿರ್ಲಕ್ಷ್ಯದಿಂದ ಸಾವು ತಂದರೆ ಎರಡು ವರ್ಷದವರೆಗೆ ಅಂತ 1870ರಲ್ಲಿ ಸೇರಿಸಿದ್ದು. ಮ್ಯಾನ್‌ಹೋಲಿಗೆ ಇಳಿಸಿ ಉಸಿರುಗಟ್ಟಿ ಸತ್ತ ನಮ್ಮ ಹುಡುಗರ ಕೇಸುಗಳು ಸಾಮಾನ್ಯವಾಗಿ ಬಂದು ನಿಲ್ಲುತ್ತಿದ್ದದ್ದು ಇಲ್ಲಿಗೆ. ಎತ್ತಿಗೆ ಐದು, ಮಲದ ಗುಂಡಿಯಲ್ಲಿ ಸತ್ತವನಿಗೆ ಎರಡು. ಒಂದು ಬೇಕೆಂದು ಮಾಡಿದ್ದು, ಇನ್ನೊಂದು ಅಜಾಗರೂಕತೆ, ಎರಡನ್ನೂ ತೂಗಿ ನೋಡಬಾರದು ಅಂತ ವಕೀಲ ಗೆಳೆಯ ವಾದ ಮಾಡಿದ. ಇರಬಹುದು. ಆದರೆ ಯಾವ ಯಂತ್ರವನ್ನೂ ಕೊಡದೆ, ಮುಖಕ್ಕೊಂದು ಬಟ್ಟೆಯನ್ನೂ ಕೊಡದೆ ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸುವುದು ಎಷ್ಟನೇ ಸಲದಿಂದ ‘ಬೇಕೆಂದು ಮಾಡಿದ್ದು’ ಆಗುತ್ತದೆ ಅಂತ ನಾವು ಕೇಳಿದ್ದಕ್ಕೆ ಅವನ ಬಳಿ ಉತ್ತರ ಇರಲಿಲ್ಲ.

ಈ ಕಲಂಗಳು ಪುಸ್ತಕದಲ್ಲಿ ಸುಮ್ಮನೆ ಮಲಗಿರಲಿಲ್ಲ. ‘ವಿಷ ಹಾಕಿದರೆ’ ಅನ್ನುವ ಮಾತು ಯಾರ ಕುತ್ತಿಗೆಗೆ ಬಿತ್ತು ಅನ್ನುವ ಚರಿತ್ರೆ ನಮ್ಮ ಪಠ್ಯಪುಸ್ತಕದಲ್ಲಿ ಇಲ್ಲ. ಹತ್ತೊಂಬತ್ತನೇ ಶತಮಾನದ ಎರಡನೇ ಅರ್ಧದಲ್ಲಿ ಉತ್ತರ ಹಿಂದೂಸ್ತಾನದ ಬ್ರಿಟಿಷ್ ಅಧಿಕಾರಿಗಳು ಒಂದು ಮಾತನ್ನು ಮತ್ತೆ ಮತ್ತೆ ಬರೆದರು. ಚಮ್ಮಾರರು ಚರ್ಮದ ಆಸೆಗೆ ರೈತರ ದನಗಳಿಗೆ ಪಾಷಾಣ ಹಾಕಿ ಕೊಲ್ಲುತ್ತಾರೆ ಅಂತ. ಸತ್ತ ದನದ ಚರ್ಮ ಚಮ್ಮಾರನಿಗೆ ಸೇರುವುದು ಊರಿನ ಪದ್ಧತಿ. ಚರ್ಮಕ್ಕೆ ಬೆಲೆ ಬಂದಿದೆ. ಆದ್ದರಿಂದ ದನ ಸತ್ತರೆ ಕೊಂದವನು ಚಮ್ಮಾರನೇ. ಲೆಕ್ಕ ಬಹಳ ಸುಲಭ. ಇಡೀ ಜಾತಿಯನ್ನೇ ಅನುಮಾನದಲ್ಲಿಟ್ಟು ಹಿಡಿದರು, ಹುಡುಕಿದರು, ಜೈಲಿಗೆ ಹಾಕಿದರು. ಇತಿಹಾಸಕಾರ ರಾಮನಾರಾಯಣ್ ರಾವತ್ 2011ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಈ ಕಡತಗಳನ್ನು ಬಿಚ್ಚಿ ನೋಡಿದ್ದಾರೆ. ಆ ಭಾಗದ ಚಮ್ಮಾರರಲ್ಲಿ ಹೆಚ್ಚಿನವರು ಚರ್ಮದ ಕೆಲಸದವರೇ ಅಲ್ಲ, ಬೇಸಾಯಗಾರರು, ಹೊಲದ ಕೂಲಿಗಳು ಅನ್ನುವುದು ಅವರ ವಾದ. ದನಕ್ಕೆ ವಿಷ ಹಾಕುವವರು ಎಂಬ ಈ ಆರೋಪವೇ ಅವರನ್ನು ಚರ್ಮಕ್ಕೆ ಅಂಟಿಸಿ ಹೊಲೆಯಿತು.

ಆ ದಿನಗಳಲ್ಲಿ ದನಗಳು ಸಾಯುತ್ತಿದ್ದದ್ದು ನಿಜ. ದೊಡ್ಡ ರೋಗ ಬಂದರೆ ಊರೂರೇ ಕೊಟ್ಟಿಗೆ ಖಾಲಿ. ಇದನ್ನು ವಿಚಾರಿಸಲು ಸರ್ಕಾರವೇ ಆಯೋಗ ನೇಮಿಸಿತ್ತು, ಅದರ ವರದಿ 1871ರಲ್ಲಿ ಬಂತು. ಅದೇ 1871ರಲ್ಲಿ ಹುಟ್ಟಿನಿಂದಲೇ ಕೆಲವರನ್ನು ಕಳ್ಳರೆಂದು ಬರೆಯುವ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಬಂತು. ದನಕ್ಕೆ ರೋಗ ಇದೆ ಅಂತ ಒಂದು ಕೈ ಬರೆಯುವಾಗ, ಜಾತಿಯಲ್ಲೇ ಅಪರಾಧ ಇದೆ ಅಂತ ಇನ್ನೊಂದು ಕೈ ಬರೆಯುತ್ತಿತ್ತು.

ಆ ಚರ್ಮ ಹೋಗುತ್ತಿದ್ದದ್ದಾದರೂ ಎಲ್ಲಿಗೆ? ಬಹುಪಾಲು ವ್ಯಾಪಾರಕ್ಕೆ, ಹಡಗು ಹತ್ತಿ ಹೊರದೇಶಕ್ಕೆ. ಒಂದು ಪಾಲು ಸರ್ಕಾರಕ್ಕೇ. ದಂಗೆಯ ನಂತರ 1860ರ ದಶಕದಲ್ಲಿ ಸರ್ಕಾರ ಕಾನ್ಪುರದಲ್ಲಿ ಸೈನ್ಯಕ್ಕಾಗಿ ಜೀನು, ಲಗಾಮು, ಸರಂಜಾಮು ಮಾಡುವ ಕಾರ್ಖಾನೆ ತೆರೆಯಿತು. 429ರಲ್ಲಿ ಹೆಸರು ಪಡೆದ ಕುದುರೆಯ ಬೆನ್ನಿನ ಮೇಲೆ ಜೀನಾಗಿ ಕೂತದ್ದು ನಮ್ಮವರು ಸುಲಿದು, ಹದ ಮಾಡಿ, ನಾತ ಕುಡಿದು ಕೊಟ್ಟ ಚರ್ಮ. ನಮ್ಮ ಮೈಸೂರಿನಲ್ಲೂ ಅಶ್ವಾರೋಹಿ ಪೊಲೀಸ್ ದಳ ಇದೆ. ದಸರಾ ಮೆರವಣಿಗೆಯಲ್ಲಿ ಆ ಕುದುರೆಗಳ ಗತ್ತು ನೋಡಿ ಚಿಕ್ಕಂದಿನಲ್ಲಿ ನಾವೂ ಬಾಯಿಬಿಟ್ಟಿದ್ದೇವೆ. ಜೀನು ಯಾರು ಹೊಲಿದರು ಅಂತ ಆಗ ಕೇಳಲಿಲ್ಲ.

ಸತ್ತ ದನ ಎಳೆಯುವುದನ್ನು ಬಿಡಿ, ಅದರ ಮಾಂಸ ಬಿಡಿ ಅಂತ ಬಾಬಾಸಾಹೇಬರು 1927ರ ಮಾರ್ಚಿನಲ್ಲಿ ಮಹಾಡದಲ್ಲಿ ಕರೆಕೊಟ್ಟರು. ಬಿಟ್ಟವರಿಗೂ ಏಟು ಬಿತ್ತು, ಬಿಡದವರಿಗೂ ಏಟು ಬಿತ್ತು.

ಈಗ 2016ಕ್ಕೆ ಬರೋಣ. ಆ ವರ್ಷದ ಮಾರ್ಚ್ 14ರಂದು ಡೆಹ್ರಾಡೂನಿನಲ್ಲಿ ರಾಜ್ಯ ಸರ್ಕಾರದ ವಿರುದ್ಧ ವಿರೋಧ ಪಕ್ಷದ ಮೆರವಣಿಗೆ. ಪೊಲೀಸರ ಕಡೆ ಶಕ್ತಿಮಾನ್ ಎಂಬ ಬಿಳಿಯ ಕುದುರೆ. ಗದ್ದಲದಲ್ಲಿ ಅದರ ಹಿಂಗಾಲು ಮುರಿಯಿತು. ಶಾಸಕರೊಬ್ಬರು ಲಾಠಿ ಬೀಸುವ ಚಿತ್ರ ದೇಶದ ತುಂಬ ಓಡಾಡಿತು. ಅವರ ಬಂಧನವಾಯಿತು, ಹಾಕಿದ ಕಲಂಗಳಲ್ಲಿ 429 ಇತ್ತು. ಕುದುರೆಯ ಕಾಲು ಕತ್ತರಿಸಿದರು, ಕೃತಕ ಕಾಲು ಜೋಡಿಸಿದರು. ಏಪ್ರಿಲ್ 20ರಂದು ಅದು ಸತ್ತಿತು. ನಗರದಲ್ಲಿ ಅದರ ಪ್ರತಿಮೆಯನ್ನೂ ನಿಲ್ಲಿಸಿದರು, ರಾಜಕೀಯ ಶುರುವಾದ ಮೇಲೆ ತೆಗೆದರು. ಶಾಸಕರು ತಾವು ಹೊಡೆಯಲಿಲ್ಲ ಎಂದರು. ಐದು ವರ್ಷದ ನಂತರ 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಅಷ್ಟು ಹೊತ್ತಿಗೆ ಅವರು ಮಂತ್ರಿಯಾಗಿದ್ದರು.

ಮೂರು ಕಾಲಲ್ಲಿ ನಿಂತ ಆ ಕುದುರೆಯ ಚಿತ್ರ ನೋಡಿ ನಮಗೂ ಕರುಳು ಚುರುಕ್ ಅಂದಿತು. ಸುಳ್ಳು ಹೇಳುವುದಿಲ್ಲ. ದನದ ಕೊಟ್ಟಿಗೆಯಲ್ಲಿ ಜೀತಕ್ಕಿದ್ದವರ ಮಕ್ಕಳಿಗೆ ಮೂಕಪ್ರಾಣಿಯ ಕಣ್ಣು ಏನು ಹೇಳುತ್ತದೆ ಅಂತ ಯಾರೂ ಕಲಿಸಬೇಕಾಗಿಲ್ಲ. ಆ ಕುದುರೆ ಸರ್ಕಾರದ ಕೆಲಸಕ್ಕೆ ಅರ್ಜಿ ಹಾಕಿರಲಿಲ್ಲ. ಯಾವ ಪಕ್ಷದ ಮೆರವಣಿಗೆಯನ್ನು ತಡೆಯುತ್ತಿದ್ದೇನೆ ಅಂತ ಅದಕ್ಕೆ ಗೊತ್ತೂ ಇರಲಿಲ್ಲ.

ಅದು ಸತ್ತು ಮೂರು ತಿಂಗಳು ತುಂಬಿರಲಿಲ್ಲ. ಜುಲೈ 11, ಗುಜರಾತಿನ ಊನಾ. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತರನ್ನು ಗೋರಕ್ಷಕರು ಅನ್ನಿಸಿಕೊಂಡವರು ಹಿಡಿದರು. ನಾಲ್ವರು ಯುವಕರನ್ನು ಅರೆಬೆತ್ತಲೆ ಮಾಡಿ ಕಾರಿಗೆ ಕಟ್ಟಿ ಹಾಡಹಗಲೇ ಹೊಡೆದರು. ಹೊಡೆದವರೇ ಚಿತ್ರ ತೆಗೆದು ಹಂಚಿದರು. ಹಸು ಮೊದಲೇ ಸತ್ತಿತ್ತು. 1870ರ ಅದೇ ಸುಲಭದ ಲೆಕ್ಕ ನೋಡಿ: ದನ ಸತ್ತಿದೆ, ಪಕ್ಕದಲ್ಲಿ ಚರ್ಮದವನಿದ್ದಾನೆ, ಕೊಂದವನು ಅವನೇ. ಈ ಸಲ ಕಲಂ ಕೂಡ ಬೇಕಾಗಲಿಲ್ಲ. ಆಮೇಲೆ ನಡೆದದ್ದು ನಿಮಗೆ ಗೊತ್ತು. ಗುಜರಾತಿನ ದಲಿತರು ಸತ್ತ ದನಗಳನ್ನು ತಂದು ಸರ್ಕಾರಿ ಕಚೇರಿಯ ಮುಂದೆ ಸುರಿದರು. ಆಗಸ್ಟ್ 15ಕ್ಕೆ ಅಹಮದಾಬಾದಿನಿಂದ ಊನಾ ತಲುಪಿದರು. ಅದರ ಕಾವಿನಲ್ಲಿ ನಮ್ಮಲ್ಲೂ ಅಕ್ಟೋಬರಿನಲ್ಲಿ ‘ಚಲೋ ಉಡುಪಿ’ ಹೊರಟಿತು. ತಿನ್ನುವ ಅನ್ನದ ಆಯ್ಕೆ ಮತ್ತು ಉಳುವ ನೆಲದ ಹಕ್ಕು ಎರಡನ್ನೂ ಒಂದೇ ಬ್ಯಾನರಿನಲ್ಲಿ ಬರೆದರು. ಬೂಸಾ ಎಂಬ ದನದ ಮೇವಿನ ಮಾತಿಗೆ 1973ರಲ್ಲಿ ಹೊತ್ತಿಕೊಂಡ ಚಳವಳಿ ನಮ್ಮದು. ದನದ ಸುತ್ತಲೇ ನಮ್ಮ ಎಷ್ಟು ಜಗಳಗಳು!

ಶಕ್ತಿಮಾನ್ ಸತ್ತ ಮೇಲೆ ಪತ್ರಿಕೆಗಳಲ್ಲಿ ಎರಡು ಮಾತು ಬಂದವು. ಐವತ್ತು ರೂಪಾಯಿ ದಂಡ ಇನ್ನು ಸಾಕು, ಅದನ್ನು ಏರಿಸಿ ಅನ್ನುವುದು ಒಂದು. ಇದಕ್ಕೆ ನಮ್ಮ ತಕರಾರಿಲ್ಲ. ಅಮೆರಿಕ, ಇಂಗ್ಲೆಂಡಿನಲ್ಲಿ ಪೊಲೀಸ್ ಪ್ರಾಣಿಗಳಿಗೆ ಬೇರೆಯೇ ಕಾನೂನಿದೆ, ನಮಗೂ ಬೇಕು ಅನ್ನುವುದು ಇನ್ನೊಂದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಕಾನೂನುಗಳ ಹಿಂದಿನ ಹಾದಿ ಎಂಥದ್ದು ಅಂತ ನೋಡದೆ ಆಮದು ಮಾಡಿಕೊಳ್ಳುವುದು ಬೇಡ. ನಮ್ಮವರಿಗೆ ಆ ಹಾದಿ ಹೊಸದೂ ಅಲ್ಲ. 1972ರಲ್ಲಿ ಮುಂಬಯಿಯ ನಮ್ಮ ಕವಿಗಳು, ಬರಹಗಾರರು ತಮ್ಮ ಸಂಘಟನೆಗೆ ದಲಿತ್ ಪ್ಯಾಂಥರ್ಸ್ ಅಂತ ಹೆಸರಿಟ್ಟದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್ ನೋಡಿಯೇ ಅಲ್ಲವೆ.

ಅಮೆರಿಕದ ಖಂಡದಲ್ಲಿ ನಾಯಿ ಮೊದಲು ಬೇಟೆಯಾಡಿದ ಮನುಷ್ಯರಲ್ಲಿ ಗುಲಾಮರೂ ಇದ್ದರು. 1795ರಲ್ಲಿ ಜಮೈಕಾದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಗುಡ್ಡದಲ್ಲಿ ನೆಲೆನಿಂತಿದ್ದ ಮರೂನ್ ಜನ ಬಂಡೆದ್ದಾಗ, ಬ್ರಿಟಿಷರು ಕ್ಯೂಬಾದಿಂದ ಸುಮಾರು ನೂರು ಬೇಟೆನಾಯಿಗಳನ್ನೂ ಅವುಗಳನ್ನು ಹಿಡಿಯುವವರನ್ನೂ ತರಿಸಿದರು. ಅಮೆರಿಕದ ದಕ್ಷಿಣ ರಾಜ್ಯಗಳ ಹತ್ತಿಯ ತೋಟಗಳಲ್ಲಿ ಓಡಿಹೋದ ಗುಲಾಮನ ವಾಸನೆ ಹಿಡಿಯಲಿಕ್ಕೆಂದೇ ನಾಯಿ ಸಾಕಿ ಬಾಡಿಗೆಗೆ ಕೊಡುವ ಕಸುಬಿನವರಿದ್ದರು. ನಾಯಿಯೂ ಒಡೆಯನ ಸ್ವತ್ತು, ಗುಲಾಮನೂ ಒಡೆಯನ ಸ್ವತ್ತು. ಒಂದು ಸ್ವತ್ತನ್ನು ಹಿಡಿಯಲು ಇನ್ನೊಂದು ಸ್ವತ್ತು.

ಗುಲಾಮಗಿರಿ 1865ರಲ್ಲಿ ಹೋಯಿತು. ನಾಯಿಗಳು ಹೋಗಲಿಲ್ಲ. 1963ರ ಮೇ 2, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂ ನಗರ. ಬಿಳಿಯರಿಗೆ ಬೇರೆ ಹೋಟೆಲು, ಕರಿಯರಿಗೆ ಬೇರೆ ನಲ್ಲಿ ಇದ್ದ ಊರು. ಬೇರೆ ಲೋಟ ಕಂಡ ನಮಗೆ ಹೆಚ್ಚು ವಿವರಿಸಬೇಕಿಲ್ಲ. ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಿಂದ ಕಪ್ಪು ಮಕ್ಕಳು ಸಾಲುಸಾಲಾಗಿ ಹೊರಬಂದರು. ಶಾಲೆ ಬಿಟ್ಟು ಬಂದ ಮಕ್ಕಳು. ಮೆರವಣಿಗೆಗೆ ಹೊರಟರೆ ಅಪ್ಪ ಅಮ್ಮನ ಕೆಲಸ ಹೋಗುತ್ತದೆ, ಮಕ್ಕಳಿಗಾದರೆ ಕಳೆದುಕೊಳ್ಳಲು ಕೆಲಸವಿಲ್ಲ. ಮೊದಲ ದಿನವೇ ನೂರಾರು ಮಕ್ಕಳನ್ನು ಜೈಲಿಗೆ ತುಂಬಿದರು. ಮರುದಿನ ಮತ್ತಷ್ಟು ಮಕ್ಕಳು ಬಂದಾಗ ನಗರದ ಪೊಲೀಸು ಮತ್ತು ಬೆಂಕಿ ದಳದ ಮೇಲಧಿಕಾರಿ ಬುಲ್ ಕಾನರ್ ನೀರಿನ ಕೊಳವೆಗಳನ್ನೂ ನಾಯಿಗಳನ್ನೂ ಬಿಡಿಸಿದ. ಒಬ್ಬ ಹೈಸ್ಕೂಲು ಹುಡುಗನ ಹೊಟ್ಟೆಯತ್ತ ನಾಯಿ ಬಾಯಿ ಹಾಕುವ ಚಿತ್ರ ಮರುದಿನದ ಪತ್ರಿಕೆಗಳಲ್ಲಿ ಬಂತು, ಲೋಕವೆಲ್ಲ ನೋಡಿತು.

ಅದಕ್ಕೆ ಕೆಲವೇ ವಾರದ ಹಿಂದೆ ಅದೇ ಊರಿನ ಬಿಳಿಯ ಪಾದ್ರಿಗಳು, ಶಾಂತಿ ಕಾಪಾಡಿದ್ದಕ್ಕೆ ಪೊಲೀಸರನ್ನು ಹೊಗಳಿದ್ದರು. ಜೈಲಿನೊಳಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಪತ್ರ ಬರೆದರು. ನಿರಾಯುಧರ ಮೈಗೆ ನಾಯಿಗಳು ಹಲ್ಲು ನೆಟ್ಟದ್ದನ್ನು ನೀವು ಕಂಡಿದ್ದರೆ ಅಷ್ಟು ಬೇಗ ಹೊಗಳುತ್ತಿರಲಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಮೇ ತಿಂಗಳ ಚಿತ್ರಗಳು ಬಂದ ಮೇಲೆ ಯಾರಿಗೂ ಕಂಡಿಲ್ಲ ಅನ್ನುವ ನೆಪ ಉಳಿಯಲಿಲ್ಲ. ಇಂದು ಆ ಮಕ್ಕಳು ನಿಂತಿದ್ದ ಉದ್ಯಾನದಲ್ಲಿ ಒಂದು ಶಿಲ್ಪ ಇದೆ. ಕಾಲುದಾರಿಯ ಎರಡೂ ಬದಿಯ ಗೋಡೆಯಿಂದ ಲೋಹದ ನಾಯಿಗಳು ಬಾಯಿ ತೆರೆದು ಮುಂದಕ್ಕೆ ಚಾಚಿವೆ, ನಡೆಯುವವರು ಅವುಗಳ ನಡುವೆ ಹಾದುಹೋಗಬೇಕು. ಪೊಲೀಸ್ ಪ್ರಾಣಿಯ ಪ್ರತಿಮೆ ಅಲ್ಲೂ ಇದೆ, ಡೆಹ್ರಾಡೂನಿನಲ್ಲೂ ಒಮ್ಮೆ ನಿಂತಿತ್ತು. ಒಂದನ್ನು ಪ್ರಾಣಿಯ ಎದುರು ನಿಂತವರ ಕಡೆಯಿಂದ ಮಾಡಿದ್ದಾರೆ.

ಇದೇ ಅಮೆರಿಕದಲ್ಲಿ 2000ದಲ್ಲಿ ಕೇಂದ್ರ ಸರ್ಕಾರ ಪೊಲೀಸ್ ಪ್ರಾಣಿಗಳ ರಕ್ಷಣೆಗೆ ಕಾನೂನು ಮಾಡಿತು. ಕೇಂದ್ರದ ಪೊಲೀಸ್ ಇಲಾಖೆಗಳ ನಾಯಿಗೋ ಕುದುರೆಗೋ ಬೇಕೆಂದು ಕೆಡುಕು ಮಾಡಿದರೆ ಒಂದು ವರ್ಷದವರೆಗೆ. ಶಾಶ್ವತ ಊನವಾದರೆ, ದೊಡ್ಡ ಗಾಯವಾದರೆ, ಸತ್ತರೆ ಹತ್ತು ವರ್ಷದವರೆಗೆ. ರಾಜ್ಯಗಳಲ್ಲಿ ಬೇರೆ ಬೇರೆ ಕಾನೂನುಗಳಿವೆ. ಹದಿನೈದು ವರ್ಷದ ನಂತರ, 2015ರ ಮಾರ್ಚಿನಲ್ಲಿ, ಅಲ್ಲಿನ ನ್ಯಾಯ ಇಲಾಖೆಯೇ ಫರ್ಗುಸನ್ ಎಂಬ ಊರಿನ ಪೊಲೀಸರ ಮೇಲೆ ವರದಿ ಕೊಟ್ಟಿತು. ಕಚ್ಚಿಸಿಕೊಂಡವರ ಬಣ್ಣ ದಾಖಲಾಗಿದ್ದ ಪ್ರತಿಯೊಂದು ಪ್ರಕರಣದಲ್ಲೂ ನಾಯಿ ಕಚ್ಚಿದ್ದು ಕಪ್ಪು ಮನುಷ್ಯನನ್ನೇ. ಅವರಲ್ಲಿ ಒಬ್ಬ, ಪಾಳುಮನೆಯಲ್ಲಿ ಸಿಕ್ಕ 14 ವರ್ಷದ ಹುಡುಗ. ನಾಯಿಗೆ ಬಣ್ಣದ ಭೇದ ಕಲಿಸಿದವರಾರು? ಹಗ್ಗ ಬಿಟ್ಟ ಕೈಯನ್ನು ಕೇಳಬೇಕು.

ಇಂಗ್ಲೆಂಡಿನ ಕಥೆ ಬೇರೆ. 2016ರ ಅಕ್ಟೋಬರಿನಲ್ಲಿ ಫಿನ್ ಎಂಬ ಪೊಲೀಸ್ ನಾಯಿ ತನ್ನ ಜೊತೆಗಾರ ಪೇದೆಯನ್ನು ಉಳಿಸಲು ಹೋಗಿ ಚಾಕುವಿನ ಇರಿತಕ್ಕೆ ಸಿಕ್ಕಿತು. ಸಾಯುವ ಹಾಗಾಗಿ ಬದುಕಿತು. ನಾಯಿಗೆ ಇರಿದದ್ದು ಅಲ್ಲಿನ ಕಾನೂನಿನಲ್ಲೂ ಆಸ್ತಿಹಾನಿಯ ಲೆಕ್ಕಕ್ಕೆ ಬಂದಾಗ ಜನ ಸಿಟ್ಟಾದರು. ನಾಯಿಯನ್ನು ಮುರಿದ ಕಿಟಕಿಯ ಹಾಗೆ ಲೆಕ್ಕ ಹಾಕಬಾರದು ಎಂಬ ಆ ಸಿಟ್ಟು ನ್ಯಾಯವಾದದ್ದೇ. 2019ರಲ್ಲಿ ‘ಫಿನ್‌ನ ಕಾನೂನು’ ಬಂತು. ಪ್ರಾಣಿಗೆ ಅನಾವಶ್ಯಕ ನೋವು ಕೊಟ್ಟ ಆರೋಪ ಬಂದಾಗ ‘ನನ್ನನ್ನೋ ಇನ್ನೊಬ್ಬರನ್ನೋ ಕಾಪಾಡಿಕೊಳ್ಳಲು ಹೊಡೆದೆ’ ಎಂಬುದನ್ನು ಮೊದಲು ನ್ಯಾಯಾಲಯ ಗಣನೆಗೆ ತೆಗೆದುಕೊಳ್ಳಬಹುದಿತ್ತು. ಪ್ರಾಣಿ ಪೊಲೀಸ್ ಸೇವೆಯದಾಗಿದ್ದು, ಅಧಿಕಾರಿಯ ಹಿಡಿತದಲ್ಲಿ ಸಮಂಜಸವಾಗಿ ಬಳಕೆಯಾಗುತ್ತಿದ್ದರೆ, ಆ ಮಾತು ಲೆಕ್ಕಕ್ಕಿಲ್ಲ ಅಂತಾಯಿತು. 2021ರಲ್ಲಿ ಪ್ರಾಣಿಹಿಂಸೆಯ ಗರಿಷ್ಠ ಶಿಕ್ಷೆಯನ್ನೇ ಐದು ವರ್ಷಕ್ಕೆ ಏರಿಸಿದರು.

‘ಸಮಂಜಸವಾಗಿ’ ಎಂಬ ಆ ಒಂದು ಪದದ ಮೇಲೆ ಎಲ್ಲ ನಿಂತಿದೆ. ಚಾಕು ಹಿಡಿದವನ ಮೇಲೆ ಬಿಟ್ಟ ನಾಯಿ ಸಮಂಜಸ. ಬರ್ಮಿಂಗ್‌ಹ್ಯಾಂ ಮಕ್ಕಳ ಮೇಲೆ ಬಿಟ್ಟದ್ದು? ಬುಲ್ ಕಾನರ್‌ಗೆ ಕೇಳಿದ್ದರೆ ಅದೂ ಸಮಂಜಸವೇ. ನಮ್ಮ ದೇಶದಲ್ಲಿ ಆ ಪದದ ಅರ್ಥ ಬರೆಯುವವರು ಮೊದಲು ಠಾಣೆಯ ಬರಹಗಾರ, ಆಮೇಲೆ ಮಿಕ್ಕವರು. ನಾಯಿ ತೊಡೆಗೆ ಹಲ್ಲು ನೆಟ್ಟಾಗ ಮನುಷ್ಯನ ಕೈ ತಾನಾಗಿಯೇ ಅದರ ಮೂತಿಗೆ ಹೋಗುತ್ತದೆ. ಅದು ಯೋಚನೆ ಮಾಡಿ ಹೋಗುವ ಕೈ ಅಲ್ಲ. ಆ ಕೈಗೆ ಬೇರೆ ಕಲಂ ಬೇಕು ಅನ್ನುವವರು, ನಾಯಿ ಬಿಟ್ಟ ಕೈಗೂ ಒಂದು ಕಲಂ ಬರೆದುಕೊಂಡು ಬಂದರೆ ಕೂತು ಮಾತಾಡಬಹುದು.

ಈ ನಡುವೆ ಹಳೆಯ ಪುಸ್ತಕವೇ ಹೋಯಿತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಗೆ ಬಂತು. ಅದರಲ್ಲಿ 428, 429 ಎರಡೂ ಸೇರಿ 325ನೇ ಕಲಂ ಆಗಿವೆ. ಹಳೆಯ ಪುಸ್ತಕದಲ್ಲಿ 325 ಅಂದರೆ ಮನುಷ್ಯನ ಮೂಳೆ ಮುರಿದದ್ದು, ಹೊಸದರಲ್ಲಿ 325 ಅಂದರೆ ಪ್ರಾಣಿ. ಇದು ಅಂಕಿಯ ಆಕಸ್ಮಿಕ, ಹೆಚ್ಚು ಅರ್ಥ ಹಚ್ಚುವುದು ಬೇಡ. ಆದರೆ ಹತ್ತು ರೂಪಾಯಿ, ಐವತ್ತು ರೂಪಾಯಿ ಹೋಗಿವೆ. ಆನೆ-ಒಂಟೆಯ ಪಟ್ಟಿ ಹೋಗಿದೆ. ಯಾವುದೇ ಪ್ರಾಣಿಯಾಗಲಿ, ಐದು ವರ್ಷದವರೆಗೆ. ನೂರ ಅರವತ್ತೆರಡು ವರ್ಷಗಳ ನಂತರ ಮಡಿವಾಳರ ಕತ್ತೆ ಸರ್ಕಾರದ ಕುದುರೆಗೆ ಸಮ ಬಂತು, ಕೇರಿಯ ಹಂದಿ ಗೌಡರ ಎತ್ತಿಗೆ ಸಮ ಬಂತು. ಕಾಗದದ ಮೇಲಾದರೂ ಒಳ್ಳೆಯದೇ. ನಿರ್ಲಕ್ಷ್ಯದ ಸಾವಿಗೆ ಇದ್ದ ಎರಡು ವರ್ಷ ಐದು ವರ್ಷದವರೆಗೆ ಏರಿದೆ, ಅಂದರೆ ಮ್ಯಾನ್‌ಹೋಲಿನಲ್ಲಿ ಸತ್ತವನೂ ಕೊನೆಗೆ ಎತ್ತಿನ ಸಮಕ್ಕೆ ಬಂದ. ಮೈಮೇಲಿನ ಏಟಿಗೆ ಅದೇ ಒಂದು ವರ್ಷ, ದಂಡ ಮಾತ್ರ ಹತ್ತು ಸಾವಿರದವರೆಗೆ. ಇತ್ತ ನಮ್ಮ ರಾಜ್ಯದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ ಸಜೆ ಶುರುವಾಗುವುದೇ ಮೂರು ವರ್ಷದಿಂದ, ದಂಡ ಶುರುವಾಗುವುದು ಐವತ್ತು ಸಾವಿರದಿಂದ. ಅದನ್ನು ಇನ್ನೊಂದು ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಆ ದಿನದ ಮೆರವಣಿಗೆ ಅಷ್ಟಕ್ಕೇ ಮುಗಿಯಿತು, ಗಳ ಕುದುರೆಗೆ ತಾಗಲಿಲ್ಲ. ನಾವು ಸರ್ಕಲಿನಲ್ಲೇ ಕೂತು ಭಾಷಣ ಮಾಡುವಾಗ ಕುದುರೆಗಳು ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದವು. ಒಂದು ಪದೇಪದೇ ಕಾಲು ಬದಲಿಸುತ್ತಿತ್ತು. ಬಕೆಟ್ಟಿನಲ್ಲಿ ನೀರು ತಂದವನು ಲಾಯದ ಕೆಲಸದವನು, ಸಮವಸ್ತ್ರ ಇರಲಿಲ್ಲ. ಕುದುರೆ ಕುಡಿದ ಮೇಲೆ ಉಳಿದ ನೀರಲ್ಲಿ ಅವನು ಮುಖ ತೊಳೆದುಕೊಂಡ.

ಹಳ್ಳಿಗಳಲ್ಲಿರುವ ಉಪಾಧ್ಯಾಯ ಗೆಳೆಯರಲ್ಲಿ ಒಂದು ಕೆಲಸ ಕೇಳುತ್ತೇವೆ. ದನಕ್ಕೆ ವಿಷ ಹಾಕಿದರು ಅಂತ ಕೇರಿಯವರ ಮೇಲೆ ಆರೋಪ ಹೊರಿಸಿದ ಕಥೆಗಳು ನಮ್ಮ ಸೀಮೆಯಲ್ಲೂ ಮುದುಕ ಮುದುಕಿಯರ ಬಾಯಲ್ಲಿ ಇರಬಹುದು. ಯಾವ ಊರು, ಯಾವ ವರ್ಷದ ಆಸುಪಾಸು, ಪಂಚಾಯ್ತಿ ಸೇರಿತ್ತೆ, ಠಾಣೆಗೆ ಹೋಯಿತೆ, ದಂಡ ಎಷ್ಟು, ದನ ಯಾವ ರೋಗಕ್ಕೆ ಸತ್ತಿತ್ತು, ಕೇಳಿ ಬರೆದಿಡಿ. ಅವರು ಇರುವಾಗಲೇ ಕೇಳಿ. ಬರೆದದ್ದನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿ.